ಮುರಿದ ಕಮಾನಿನ ಕೆಳಗೆ

ರಾಣಿಯ ಸರ್ಕಾರ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿದ ವರ್ಷ, ಮ್ಯಾಡ್ರಿಡ್‌ನ ಮೇಣದಬತ್ತಿ ವ್ಯಾಪಾರಿ ಫೆರ್ಮಿನ್‌ನ ಅರ್ಧ ವ್ಯಾಪಾರ ನೆಲಕಚ್ಚಿತು. ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದರೆ, ಹೆಂಡತಿ ಕಸಿಲ್ದಾ ಮಾತ್ರ ಪ್ರತಿ ಭಾನುವಾರ ಬರುವ ಕಲಾಪತ್ರಿಕೆಗಾಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಅದರ ತುಂಬ ಬೆಳದಿಂಗಳಲ್ಲಿ ತೊಯ್ದ ಪಾಳುಗೋಡೆಗಳು, ಬಂಡೆಯ ಮೇಲೆ ಕೂದಲು ಕೆದರಿಕೊಂಡು ನಿಂತ ಬಿಳಿಚಿದ ಯುವಕರು. ಮನಸ್ಸಿನ ಮಾತು ಕೇಳದ ಬದುಕು ಬದುಕೇ ಅಲ್ಲ ಎಂಬ ಬರಹಗಳು.

"ಯಾರೇ ಇವನು? ಊಟ ಕಂಡು ಎಷ್ಟು ದಿನ ಆಯ್ತಂತೆ?" ಫೆರ್ಮಿನ್ ಒಂದು ಚಿತ್ರದ ಮೇಲೆ ಬೆರಳಿಟ್ಟ.

"ನಿಮಗರ್ಥ ಆಗಲ್ಲ ಬಿಡಿ."

ಆ 'ಬಿಡಿ' ಅವನೆದೆಯಲ್ಲಿ ಮುಳ್ಳಾಗಿ ಕೂತಿತು. ಈಚೆಗೆ ಅವಳು ಮಧ್ಯಾಹ್ನದ ನಿದ್ದೆ ಬಿಟ್ಟು ಎಲ್ಲಿಗೋ ಹೋಗುತ್ತಿದ್ದಳು. ಬರುವಾಗ ಕಣ್ಣು ಕೆಂಪು, ಲಂಗದ ಅಂಚಿಗೆ ಸುಣ್ಣದ ಪುಡಿ.

ಕ್ಷೌರಿಕ ತೊರ್ಕ್ವಾತೊ ಗಲ್ಲಕ್ಕೆ ನೊರೆ ಹಚ್ಚುತ್ತ ಕಿಚಾಯಿಸಿದ: "ಫೆರ್ಮಿನಣ್ಣ, ಆ ಪತ್ರಿಕೆ ಓದೋ ಹೆಂಗಸರು ಸಾರಿಗೆ ಉಪ್ಪು ಹಾಕೋದೂ ಮರೀತಾರಂತೆ. ನಿಮ್ಮನೇಲಿ ಹೆಂಗೆ?"

ಹಿಂದಿನ ದಿನದ ಕಡಲೆ ಸಾರು ಸಪ್ಪೆಯಾಗಿತ್ತು.

ಮರುದಿನ ಅವನು ಅಂಗಡಿ ಮುಚ್ಚಿ ಅವಳ ಬೆನ್ನು ಹಿಡಿದ. ಕಸಿಲ್ದಾ ಸರಸರನೆ ನಡೆದು, ಅವನೇ ವರ್ಷಗಟ್ಟಲೆ ಮೇಣದಬತ್ತಿ ಕೊಟ್ಟಿದ್ದ ಮಠದ ಮುರುಕು ಬಾಗಿಲೊಳಗೆ ನುಸುಳಿದಳು. ಒಳಗಿನಿಂದ ಗಂಡಸಿನ ದನಿ ಕೇಳಿತು. ಫೆರ್ಮಿನ್ ಮುಷ್ಟಿ ಬಿಗಿದು ನುಗ್ಗಿದ.

ಅಂಗಳದಲ್ಲಿ ಹತ್ತಾರು ಜನ. ಔಷಧಿ ಅಂಗಡಿಯ ವಿಧವೆ, ಹೊಲಿಗೆ ಹೆಂಗಸರು, ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ ಒಬ್ಬ ಮುದಿ ವಕೀಲ. ಎಲ್ಲರೂ ಕತ್ತೆತ್ತಿ ಅರ್ಧ ಕೆಡವಿದ ಕಮಾನನ್ನು ನೋಡುತ್ತಿದ್ದರು. ಅದರ ಚಿತ್ರ ಪತ್ರಿಕೆಯಲ್ಲಿ ಅಚ್ಚಾದಾಗಿನಿಂದ ಜನ ಹೀಗೆ ಬರತೊಡಗಿದ್ದರು. ಅವರ ನಡುವೆ ಕಸಿಲ್ದಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಲ್ಲೇನಿದೆ ಅಂತ ಅಳ್ತಿದ್ದೀಯೇ?"

ಕಸಿಲ್ದಾ ಬೆಚ್ಚಿ ತಿರುಗಿದಳು. "ಇದನ್ನೂ ಕೆಡವ್ತಾರಂತೆ ರೀ. ಇಷ್ಟು ದಿನ ಪೂಜೆಗೆ ಬಂದು ಹೋಗ್ತಿದ್ದೆ, ಒಂದಿನಾನೂ ತಲೆಯೆತ್ತಿ ನೋಡ್ಲಿಲ್ಲ."

"ಕಲ್ಲು ಕಣೇ ಅದು!"

"ಕೂತ್ಕೊಂಡು ನೋಡಿ."

ಅವನು ಕೂತ. ಕಮಾನಿನಾಚೆ ಆಕಾಶ, ಬಿರುಕಿನಲ್ಲಿ ಅಂಜೂರದ ಚಿಗುರು. ಕಣ್ಣು ಕೀಳಲು ಅವನಿಂದಾಗಲಿಲ್ಲ. ಅದಕ್ಕೇ ಸಿಟ್ಟೂ ಬಂತು.

"ಆ ವಕೀಲ ನಿಂಗೆ ಮೊದಲೇ ಗೊತ್ತಾ?" ಪಿಸುಗುಟ್ಟಿದ.

"ಥೂ, ಅವರಿಗೆ ಹಲ್ಲೇ ಇಲ್ಲ!" ಕಸಿಲ್ದಾ ನಕ್ಕಳು. ಅವನು ನಗಲಿಲ್ಲ. ಹಲ್ಲಿಲ್ಲದವನಾದರೂ ಓದಿದ್ದು ಎಷ್ಟು ಚೆನ್ನಾಗಿತ್ತು!

ಕಮಾನು ಉರುಳಿದ ದಿನ ಕಸಿಲ್ದಾ ಜ್ವರದಲ್ಲಿ ಮಲಗಿದ್ದಳು. ಫೆರ್ಮಿನ್ ಒಬ್ಬನೇ ಹೋಗಿ ಜನರ ನಡುವೆ ನಿಂತು, ಟೋಪಿ ತೆಗೆದ. ಮನೆಗೆ ಬಂದಾಗ ಅವಳು ಕೇಳಿದಳು: "ಎಲ್ಲಿಗೆ ಹೋಗಿದ್ರಿ? ಕಣ್ಣ್ಯಾಕೆ ಕೆಂಪಗಿದೆ?"

"ವ್ಯಾಪಾರಕ್ಕೆ," ಎಂದ ಅವನು.

ಅವಳು ನಂಬಲಿಲ್ಲ.