ಶಿವಣ್ಣನ ಗ್ಲೌಸು

ಕ್ವಾರ್ಟರ್ ಬಾಟಲಿಯ ಮುಚ್ಚಳ ಸುತ್ತುತ್ತಿತ್ತೇ ಹೊರತು ಬಿಚ್ಚಿಕೊಳ್ಳುತ್ತಿರಲಿಲ್ಲ. ಗಣೇಶ್ ಅದನ್ನು ಅಂಗಿಯ ಚುಂಗಿನಲ್ಲಿ ಹಿಡಿದು ತಿರುಚಿದ, ಆಮೇಲೆ ಹಲ್ಲಿನಲ್ಲಿ ಕಚ್ಚಿದ. ಚಾಪೆಯ ಮೇಲೆ ಮಲಗಿಸಿದ್ದ ಶಿವಮೂರ್ತಿ, ಬಾಯಿ ಚೂರೇ ತೆರೆದುಕೊಂಡು, ಬದುಕಿದ್ದಾಗ ಬಾಟಲಿಯ ವಿಷಯದಲ್ಲಿ ಎಂದೂ ತೋರಿಸದ ತಾಳ್ಮೆಯಿಂದ ಕಾಯುತ್ತಿದ್ದ.

ನೆಂಟರೆಲ್ಲ ಬಾಯಿಗೆ ನೀರು ಬಿಟ್ಟಾಗಿತ್ತು. ಉಳಿದದ್ದು ಗೆಳೆಯನ ಪಾಲು. ಸತ್ತವನಿಗೆ ಇಷ್ಟವಾಗಿದ್ದನ್ನು ಒಂದು ಹನಿ ಬಾಯಿಗೆ ಬಿಟ್ಟು, ಮಿಕ್ಕಿದ್ದನ್ನು ತಲೆದೆಸೆಯಲ್ಲಿ ಇಡುವುದು ಆ ಮನೆಯ ಪದ್ಧತಿ. ಅಲ್ಲಿ ಆಗಲೇ ಎಲೆಯಡಿಕೆ, ಬೀಡಿಕಟ್ಟು, ಅವನ ರಬ್ಬರ್ ಗ್ಲೌಸು ಇದ್ದವು. ಆನಂದಪುರದ ಸುತ್ತಿನ ಕಂಬಗಳನ್ನೆಲ್ಲ ಹತ್ತಿಳಿದ ಲೈನ್‌ಮನ್ ಅವನು. ಗ್ಲೌಸಿನ ಪಕ್ಕ ಬಾಟಲಿಗೆ ಜಾಗ ಬಿಟ್ಟಿದ್ದರು.

"ಟಿಬಿ ಒಂದು ಬರ್ದೇ ಹೋಗಿದ್ರೆ ಗಟ್ಟಿ ಆಳು," ದೊಡ್ಡಪ್ಪ ಗುತ್ಯಪ್ಪ ಹೇಳಿದ. "ಕುಡೀತಿದ್ದ, ಒಪ್ಪನ. ಆದ್ರೆ ಬಂಗಾರದಂಥ ಮನ್ಷ."

"ಕುಡ್ದಾಗ ಎಂತ ಮಾಡ್ತೀನಿ ಅಂತ ಅವ್ನಿಗೇ ಗೊತ್ತಾಗ್ತಿರ್ಲಿಲ್ಲ," ತಾಯಿ ಹುಲಿಯಮ್ಮ ಮೂಗು ಒರೆಸಿಕೊಂಡಳು. "ಮಗು ಅದು."

ಮೀಸೆ ನರೆತ ಮಗು. ಗೋಡೆಗೊರಗಿ ಕುಳಿತಿದ್ದ ಹೆಂಡತಿ ಕುಮುದಾ ಅಳುತ್ತಿರಲಿಲ್ಲ. ದುಃಖ ಜಾಸ್ತಿಯಾಗಿ ಹೀಗಾಗಿದೆ ಎಂದು ಜನ ತೀರ್ಮಾನಿಸಿದ್ದರು. ಅವಳ ಕಣ್ಣು ಗಣೇಶ್‌ನ ಮೇಲಿತ್ತು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಇವನಿಗೆ ಅವಳ ತಂಗಿ ಸ್ವಪ್ನಾಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಮುಂದಿನ ತಿಂಗಳ ಮದುವೆ ನಿಲ್ಲಿಸುವುದು ಬೇಡ ಎಂದು ಹಿರಿಯರು ಬೆಳಿಗ್ಗೆ ಹೆಣದ ಮುಂದೆಯೇ ಮಾತು ಮುಗಿಸಿದ್ದರು. ರಕ್ತ ಪರೀಕ್ಷೆ ಮಾಡಿಸಿಕೋ ಎಂದು ಕುಮುದಾ ಅವನಿಗೆ ಗುಟ್ಟಾಗಿ ಹೇಳಿ ನೋಡಿದ್ದಳು. "ನೋಡನ ಅಕ್ಕ" ಎಂದು ಬೈಕ್ ಹತ್ತಿದ್ದ.

*

ಶಿವಮೂರ್ತಿಯಷ್ಟು ಹುಷಾರಿನ ಲೈನ್‌ಮನ್ ಸಾಗರ ತಾಲ್ಲೂಕಿನಲ್ಲಿ ಇರಲಿಲ್ಲ. ಬೆಳಿಗ್ಗೆ ಎದ್ದವನೇ ಗ್ಲೌಸಿಗೆ ಗಾಳಿ ತುಂಬಿ, ಬಾಯಿ ಸುತ್ತಿ, ಕೆನ್ನೆಗೆ ಹಿಡಿದು ಎಲ್ಲಾದರೂ ಸೋರುತ್ತದೆಯೇ ನೋಡುವನು. ಕರೆಂಟ್ ತೆಗೆದಿದ್ದೇವೆಂದು ಮೇಲಿನವರು ಆಣೆ ಮಾಡಿದರೂ, ತಾನೇ ಪರೀಕ್ಷಿಸದೆ ತಂತಿ ಮುಟ್ಟುತ್ತಿರಲಿಲ್ಲ.

ಆಗುಂಬೆಯಲ್ಲಿ ಮರಗಳುರುಳಿ ಕಂಬಗಳು ಮುರಿದ ವರ್ಷ ಅವನನ್ನೂ ಗಣೇಶ್‌ನನ್ನೂ ಅಲ್ಲಿಗೆ ಕಳಿಸಿದ್ದರು. ಕೆಲಸ ಮುಗಿಸಿ ಇಬ್ಬರೂ ತೀರ್ಥಹಳ್ಳಿಯಲ್ಲಿ ಉಳಿದರು. ಮೊದಲು ಬಾರು, ಆಮೇಲೆ ಲಾಡ್ಜು, ಆಮೇಲೆ ಯಾರೋ ಕರೆತಂದ ಹೆಂಗಸು. ಆಸ್ಪತ್ರೆಯ ಮಂಚದ ಮೇಲೆ ಇದನ್ನು ಹೇಳುವಾಗ ಶಿವಮೂರ್ತಿ ಕುಮುದಾಳ ಮುಖ ನೋಡಲಿಲ್ಲ. ಡ್ರಿಪ್ ಬಾಟಲಿಯನ್ನು ನೋಡುತ್ತಿದ್ದ.

"ನಿರೋಧ್ ಜೇಬಲ್ಲೇ ಇತ್ತು ಮಾರಾಯ್ತಿ. ಮಧ್ಯಾಹ್ನನೇ ತಗೊಂಡಿದ್ದೆ."

"ಮತ್ತೆ?"

"ತೆಗ್ಯಕ್ಕೆ ಹೋದೆ. ಗಣೇಶ ಬಾಗ್ಲಲ್ಲಿ ನಿಂತು, ಎಂತ ಶಿವಣ್ಣ, ಇಲ್ಲೂ ಗ್ಲೌಸಾ ಅಂತ ನಗಾಡ್ದ. ಕುಡ್ದಿದ್ನಲ್ಲ, ನಂಗೂ ನಗು ಬಂತು. ಒಂದ್ಸಲಕ್ಕೆ ಎಂತ ಆಗ್ತದೆ ಅನ್ನಿಸ್ತು."

"ಅವ್ನು?"

"ನನ್ ಹಿಂದೇನೇ."

ಅಂದರೆ, ಹೋಗಬೇಕೆಂಬುದು ಮಧ್ಯಾಹ್ನದ ತೀರ್ಮಾನ. ಹುಷಾರು ಬೇಡವೆಂಬುದಷ್ಟೇ ಹೆಂಡದ್ದು.

ಎಚ್‌ಐವಿ ಕುಮುದಾಳ ರಕ್ತದಲ್ಲೂ ಸಿಕ್ಕಿತು. ಅವಳು ದಿನಾ ಮಾತ್ರೆ ನುಂಗಿ ಗಟ್ಟಿಯಾದಳು. ಅವನು, ಮಾತ್ರೆ ತಗೊಂಡರೆ ಕುಡಿಯಲಿಕ್ಕಾಗುವುದಿಲ್ಲವೆಂದು, ಮಾತ್ರೆ ಬಿಟ್ಟ.

*

ಮುಚ್ಚಳ ಟಕ್ಕೆಂದು ಬಿಚ್ಚಿತು. ಗಣೇಶ್ ಹೆಣದ ಮೇಲೆ ಬಗ್ಗಿದ.

"ತಡಿ ಗಣೇಶ," ಕುಮುದಾ ಎದ್ದು ನಿಂತಳು. "ರಕ್ತ ತೋರಿಸ್ದ್ಯಾ?"

"ಅಕ್ಕ... ಈಗ್ಲಾ?"

"ಇನ್ಯಾವಾಗ? ಲಗ್ನಪತ್ರಿಕೇಲಿ ಹಾಕ್ಸ್ಲಾ?"

ಗುತ್ಯಪ್ಪ ಕೆಮ್ಮಿದ. "ಹೆಣದ ಮುಂದೆ ಎಂತ ಮಾತು ಅದು, ಕುಮುದಾ."

"ಇವ್ರು ಹೋಗಿದ್ದು ಬರೀ ಟಿಬಿಗಲ್ಲ ಮಾವ. ಎಚ್‌ಐವಿ ಇತ್ತು. ನಂಗೂ ಇದೆ, ಮಾತ್ರೆ ತಗೋತಿದೀನಿ. ತೀರ್ಥಹಳ್ಳಿ ಲಾಡ್ಜಲ್ಲಿ ಇವ್ರ ಜೊತೆಗಿದ್ದೋನು ಇವ್ನೇ."

ಹುಲಿಯಮ್ಮನ ಅಳು ಅರ್ಧಕ್ಕೆ ನಿಂತಿತು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದವರ ಕತ್ತಿಯೂ ನಿಂತಿತು.

"ಕುಡ್ದಿದ್ವಿ ಅಕ್ಕ," ಗಣೇಶ್ ಪಿಸುಗುಟ್ಟಿದ. "ಗೊತ್ತಾಗ್ಲಿಲ್ಲ."

"ಎಂತ ಗೊತ್ತಾಗ್ಲಿಲ್ಲ? ಲಾಡ್ಜಿನ ಮೆಟ್ಲು ಗೊತ್ತಾಯ್ತು. ಆಧಾರ್ ಕಾರ್ಡ್ ತೋರ್ಸದು ಗೊತ್ತಾಯ್ತು. ಶೇಂಗಾಕ್ಕೆ ಜಾಸ್ತಿ ಬಿಲ್ ಹಾಕ್ದ ಅಂತ ಬಾರಲ್ಲಿ ಜಗಳ ಆಡಿದ್ರಂತೆ, ಅದೂ ಗೊತ್ತಾಯ್ತು. ಮನೇಲಿ ಒಬ್ಳು ಇದಾಳೆ ಅನ್ನೋದೊಂದು ಗೊತ್ತಾಗ್ಲಿಲ್ವಾ?"

ಅವನು ಬಿಚ್ಚಿದ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ.

"ಪರೀಕ್ಷೆ ಮಾಡ್ದೆ ತಂತಿ ಮುಟ್ತೀಯಾ ನೀನು?"

"ಇಲ್ಲ."

"ನನ್ ತಂಗಿನ?"

ಬಾಗಿಲ ಬಳಿಯಿದ್ದ ಸ್ವಪ್ನಾ ಒಳಗೆ ಬಂದಳು. "ನಾಳೆ ಸಾಗರದ ಆಸ್ಪತ್ರೆಗೆ ಹೋಗನ, ನಾನೂ ಬರ್ತೀನಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇದ್ರೂ ಮಾತ್ರೆ ಇದೆ. ಹ್ಞೂಂ ಅನ್ನಿ, ಸಾಕು."

ಗಣೇಶ್ ಗುತ್ಯಪ್ಪನ ಮುಖ ನೋಡಿದ, ಹುಲಿಯಮ್ಮನ ಮುಖ ನೋಡಿದ. ಯಾರಾದರೂ ನಕ್ಕು ಮಾತು ಹಾರಿಸಿಯಾರೇನೋ ಎಂದು ಕಾದ ಹಾಗಿತ್ತು. ಯಾರೂ ನಗಲಿಲ್ಲ. ಅವನ ಕೈ ಮೇಲೆದ್ದಿತು. ಬಾಟಲಿ ಶಿವಮೂರ್ತಿಯ ಬಾಯಿಗೆ ಬರಲಿಲ್ಲ, ಅವನದೇ ಬಾಯಿಗೆ ಹೋಯಿತು.

ಅವನ ಗಂಟಲು ಏರಿಳಿಯುವುದು ನಿಲ್ಲುವ ತನಕ ಸ್ವಪ್ನಾ ನೋಡಿದಳು. ಆಮೇಲೆ ಬಗ್ಗಿ, ನಿಶ್ಚಯದ ಉಂಗುರ ಕಳಚಿ, ಭಾವನ ತಲೆದೆಸೆಯಲ್ಲಿ, ಗ್ಲೌಸಿನ ಪಕ್ಕ, ಬಾಟಲಿಗೆಂದು ಬಿಟ್ಟಿದ್ದ ಜಾಗದಲ್ಲಿ ಇಟ್ಟಳು.