ಬೋರ್ಡಿನ ನಾಲ್ಕನೇ ಸಾಲು

ಬೋರ್ಡ್ ಬರೆಯುವ ಪೇಂಟರಣ್ಣನ ಹೆಂಡತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಅಂದರೆ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಲೇಬೇಕು. ಅದಕ್ಕೆ ದೊಡ್ಡ ಊರಿಗೆ ಮೂರು ಗಂಟೆ ಬಸ್ಸು. ಹೋಗುವಾಗ ಕಿಟಕಿಗೆ ತಲೆಯಾನಿಸಿ ಕೂರುತ್ತಿದ್ದವಳು ಬರುವಾಗ ಗಂಡನ ಹೆಗಲಿಗೆ ಒರಗಿರುತ್ತಿದ್ದಳು. ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು.

ಹಾಗಿರುವಾಗ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಶುರುವಾಯಿತು. ಕಟ್ಟಡ, ನೀರು, ಕರೆಂಟು ಸರ್ಕಾರದ್ದು. ಯಂತ್ರ ಮತ್ತು ಅದನ್ನು ನಡೆಸುವವರು ಒಂದು ಖಾಸಗಿ ಕಂಪನಿಯವರು. ರೋಗಿಗೆ ಪೂರ್ತಿ ಉಚಿತ.

ಪೇಂಟರಣ್ಣ ಮೂಗು ಮುರಿದ. "ಕಂಪನಿಯವರು ಯಾರಿಗಾದ್ರೂ ಸುಮ್ಮನೆ ಮಾಡ್ತಾರೇನೇ? ನಮ್ಮ ಕಿವಿಗೆ ಹೂ ಇಡ್ತಿದಾರೆ ಅಷ್ಟೇ. ನಾಳೆ ಯಂತ್ರ ಕೆಟ್ರೆ ಸರ್ಕಾರ ಕಂಪನಿ ಕಡೆ ಬೆರಳು ತೋರ್ಸುತ್ತೆ, ಕಂಪನಿ ಸರ್ಕಾರದ ಕಡೆ ತೋರ್ಸುತ್ತೆ. ಮಧ್ಯೆ ಒದ್ದಾಡೋಳು ನೀನು."

"ಒದ್ದಾಡೋದಾದ್ರೆ ಮನೆ ಹತ್ರಾನೇ ಒದ್ದಾಡ್ತೀನಿ ಬಿಡಿ," ಅಂದಳು ಹೆಂಡತಿ. "ಆ ಬಸ್ಸು ಇನ್ನು ನನ್ನ ಕೈಲಾಗಲ್ಲ ರೀ."

ಮೂರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಪೇಂಟರಣ್ಣ ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು, ಎಲ್ಲಿ ತಪ್ಪು ಸಿಗುತ್ತದೋ ಎಂದು ಕಾಯುತ್ತಿದ್ದ. ನಾಲ್ಕನೇ ವಾರ ಸಿಕ್ಕಿತು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅವಳ ಪಾಲಿನ ಯಂತ್ರ ಕೆಟ್ಟು ನಿಂತಿದೆ. ಉಳಿದ ಎರಡರಲ್ಲಿ ಬೇರೆ ರೋಗಿಗಳಿದ್ದಾರೆ.

"ನಾಳೆ ಬನ್ನಿ," ಅಂದ ಯಂತ್ರ ನಡೆಸುವವನು.

ನಾಳೆಯವರೆಗೆ ತಡೆಯುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕಾಲು ಊದಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಸರದಿ ತಪ್ಪಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಮೊದಲೇ ಹೇಳಿದ್ದರು.

"ನಾನು ಬಡ್ಕೊಂಡೆ, ನೀನು ಕೇಳ್ಲಿಲ್ಲ. ಏಳು, ಬಸ್ಸು ಹಿಡಿಯೋಣ," ಎಂದು ಪೇಂಟರಣ್ಣ ಚೀಲ ಎತ್ತಿಕೊಂಡ.

ಆಸ್ಪತ್ರೆಯ ನರ್ಸಮ್ಮ ಅಡ್ಡ ಬಂದರು. "ಇವರನ್ನ ಮೂರು ಗಂಟೆ ಬಸ್ಸಲ್ಲಿ ಕೂರಿಸ್ತೀರಾ? ಬೇಡ ಅಣ್ಣ. ಮೊದಲು ಇಲ್ಲಿ ಬಂದು ಈ ಬೋರ್ಡು ಓದಿ. ನಾಲ್ಕನೇ ಸಾಲು."

ಗೋಡೆಯ ಮೇಲೆ ನೀಲಿ ಬೋರ್ಡು, ಬಿಳಿ ಅಕ್ಷರ. ಪೇಂಟರಣ್ಣ ಓದಿದ. 'ಯಂತ್ರ ಕೆಟ್ಟರೆ ಕಂಪನಿಯು ನಾಲ್ಕು ಗಂಟೆಯೊಳಗೆ ಸರಿಪಡಿಸಬೇಕು. ಆಗದಿದ್ದರೆ ಅದೇ ದಿನ ತನ್ನ ಖರ್ಚಿನಲ್ಲಿ ರೋಗಿಯನ್ನು ಬೇರೆ ಕೇಂದ್ರಕ್ಕೆ ಕರೆದೊಯ್ಯಬೇಕು.' ಅದರ ಕೆಳಗೆ, ದೂರು ಕೊಡಲು ಸರ್ಕಾರಿ ಅಧಿಕಾರಿಯ ಫೋನ್ ನಂಬರು.

ಅವನ ಮುಖ ಪೆಚ್ಚಾಯಿತು. "ಸಿಸ್ಟರ್, ಇದು ನಾನೇ ಬರೆದಿದ್ದು."

"ನೀವೇ ಬರೆದು ನೀವೇ ಓದಿಲ್ವಾ?"

"ಬರೆಯುವಾಗ ಅಕ್ಷರ ಸಾಲಿಗೆ ಕೂರುತ್ತೋ ಇಲ್ವೋ ಅಷ್ಟೇ ನೋಡೋದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಹೆಣಗಾಡಿದ್ದು ನೆನಪಿದೆ. ಏನು ಬರೆದೆ ಅಂತ ನೆನಪಿಲ್ಲ."

ಬೆಂಚಿನ ಮೇಲೆ ಏದುಸಿರು ಬಿಡುತ್ತಿದ್ದ ಹೆಂಡತಿಗೂ ನಗು ಬಂತು. "ನನ್ನ ಮಾತಿಗೂ ಇದೇ ಗತಿ ಸಿಸ್ಟರ್. ಕೇಳಿಸ್ಕೋತಾರೆ, ಏನಂದೆ ಅಂತ ಗೊತ್ತಿರಲ್ಲ."

ನರ್ಸಮ್ಮ ಡಾಕ್ಟರನ್ನು ಕರೆತಂದು ಅವಳಿಗೆ ಆಕ್ಸಿಜನ್ ಹಾಕಿಸಿದರು. ಪೇಂಟರಣ್ಣ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಅಧಿಕಾರಿ ದೂರು ಬರೆದುಕೊಂಡು, "ಒಪ್ಪಂದದಲ್ಲಿದೆ, ಅವರು ಮಾಡ್ಲೇಬೇಕು. ಈಗಲೇ ಹೇಳ್ತೀನಿ," ಅಂದರು. ಹನ್ನೊಂದೂವರೆಗೆ ಕಂಪನಿಯ ರಿಪೇರಿಯವನು ಪೆಟ್ಟಿಗೆ ಹಿಡಿದು ಬಂದ. ಹನ್ನೆರಡೂವರೆಗೆ ಯಂತ್ರ ತಿರುಗಿತು.

ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿನಲ್ಲಿ ಹೆಂಡತಿಯ ಉಸಿರಾಟ ಹಗುರಾಯಿತು. ಮಂಚದ ಪಕ್ಕ ನಿಂತಿದ್ದ ಪೇಂಟರಣ್ಣನ ಕಣ್ಣು ತುಂಬಿ ಬಂತು. ನರ್ಸಮ್ಮನಿಗೂ ರಿಪೇರಿಯವನಿಗೂ ಕೈ ಮುಗಿದ. "ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಇಷ್ಟು ದಿನ ನಿಮ್ಮನ್ನ ಬೈಕೊಂಡೇ ಕೂತಿದ್ದೆ."

"ಬೈದ್ರೂ ಪರವಾಗಿಲ್ಲ, ಕೇಳಿ ಬೈಯಿರಿ," ನರ್ಸಮ್ಮ ನಕ್ಕರು. "ಕಂಪನಿಗೆ ಸರ್ಕಾರ ಹಣ ಕೊಡುತ್ತೆ, ಅದು ನಮ್ಮೆಲ್ಲರ ತೆರಿಗೆ. ಹಾಗಾಗಿ ಕಂಪನಿ ಕೆಲಸ ಮಾಡ್ಬೇಕು, ಸರ್ಕಾರ ಕಣ್ಣಿಟ್ಟಿರ್ಬೇಕು, ನೀವು ಕೇಳ್ತಿರ್ಬೇಕು. ಒಬ್ಬರು ಸುಮ್ಮನಾದ್ರೂ ಇದು ನಡೆಯಲ್ಲ."

ಆ ಸಂಜೆ ಅವಳು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಅಂದಿನಿಂದ ಬೆಂಚಿಗೆ ಹೊಸಬರು ಯಾರು ಬಂದರೂ ಪೇಂಟರಣ್ಣ ಆ ಬೋರ್ಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳುತ್ತಾನೆ.

ನಿಮ್ಮ ಊರಿನಲ್ಲೂ ಆಸ್ಪತ್ರೆಯನ್ನೋ ಕುಡಿಯುವ ನೀರಿನ ಘಟಕವನ್ನೋ ಬಸ್ ನಿಲ್ದಾಣವನ್ನೋ ಸರ್ಕಾರ ಮತ್ತು ಖಾಸಗಿಯವರು ಸೇರಿ ನಡೆಸುತ್ತಿರಬಹುದು. ಕಣ್ಣು ಮುಚ್ಚಿ ನಂಬಬೇಡಿ, ಅನುಮಾನಪಟ್ಟು ದೂರ ಸರಿಯಲೂ ಬೇಡಿ. ನಿಮಗೆ ಅಲ್ಲಿ ಏನು ಸಿಗಬೇಕು, ಸಿಗದಿದ್ದರೆ ಯಾರನ್ನು ಕೇಳಬೇಕು ಎಂದು ತಿಳಿದುಕೊಳ್ಳಿ. ಓದಲು ಬಾರದವರಿಗೆ ಓದಿ ಹೇಳಿ. ಚೆನ್ನಾಗಿ ಕೆಲಸ ಮಾಡಿದವರಿಗೆ ಬಾಯಿ ತುಂಬ ಧನ್ಯವಾದ ಹೇಳಿ. ಬೋರ್ಡೇ ಇಲ್ಲದಿದ್ದರೆ, ಯಾಕಿಲ್ಲ ಎಂದು ಕೇಳಿ.