ಎಣ್ಣೆ ಬಿಟ್ಟು ಬಾಯಿ ಮುಚ್ಚಿಸಿದ ಸ್ಟೀರಿಂಗ್

ದಿಬ್ಬೂರಹಳ್ಳಿಯ ನಮ್ಮ ಬೀದಿಯಿಂದ ಆರು ಮಕ್ಕಳು ರಮೇಶ್‌ಬಾಬುವಿನ ಹಳೆಯ ಕಾರಿನಲ್ಲಿ ಶಿಡ್ಲಘಟ್ಟದ ಶಾಲೆಗೆ ಹೋಗುತ್ತಾರೆ. ನನ್ನ ಮೊಮ್ಮಗಳು ಅನ್ವಿತಾ ಎರಡನೇ ಕ್ಲಾಸು, ಅವರಲ್ಲೇ ಚಿಕ್ಕವಳು. ದಸರಾ ರಜೆ ಮುಗಿದು ಶಾಲೆ ಶುರುವಾದ ದಿನದಿಂದ ಆ ಕಾರು ಬೀದಿಯ ತಿರುವಿನಲ್ಲಿ ಸದ್ದು ಮಾಡುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೆ ಕಿರ್ ಎನ್ನುವುದು, ಅದರ ಹಿಂದೆಯೇ ಟಕ್ ಎನ್ನುವುದು. ಇಡೀ ಬೀದಿಯೇ ಕೇಳಿತು. ಕೇಳಿ ಏನು ಮಾಡಿದೆವು? ಕಾರು ಬಂದದ್ದು ಗೊತ್ತಾಗಲು ಅನುಕೂಲವಾಯಿತೆಂದು ಮಕ್ಕಳ ಜಡೆ ಬೇಗ ಹೆಣೆದೆವು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ರಮೇಶ್‌ಬಾಬು ಕೆಟ್ಟವನಲ್ಲ. ಮಕ್ಕಳ ಬ್ಯಾಗುಗಳನ್ನು ತಾನೇ ಹೊತ್ತು ಇಡುವವನು. ಒಮ್ಮೆ ಆ ಸದ್ದಿನ ಬಗ್ಗೆ ಕೇಳಿದೆ.

"ಹಳೇ ಗಾಡಿ ಅಮ್ಮ. ವಯಸ್ಸಾದ್ಮೇಲೆ ನಿಮ್ಮ ಮಂಡಿ ಲಟಕ್ ಅನ್ನಲ್ವ? ಏಮೀ ಕಾದು, ಬಿಡಿ," ಎಂದ. ಏನೂ ಆಗಲ್ಲ ಅನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ಅವನಿಗೆ ಇನ್ನೂ ಧೈರ್ಯ. ನಾನೂ ನಕ್ಕು ಮನೆಗೆ ಬಂದೆ. ನಗಬಾರದಿತ್ತು.

ನಮ್ಮೂರಲ್ಲಿ ರೇಷ್ಮೆ ನೂಲು ತೆಗೆಯುವ ಚರಕ ಕಿರುಗುಟ್ಟಿದರೆ ಎರಡು ತೊಟ್ಟು ಎಣ್ಣೆ ಬಿಡುತ್ತೇವೆ. ಸದ್ದು ನಿಲ್ಲುತ್ತದೆ, ಕೆಲಸ ಸಾಗುತ್ತದೆ. ರಮೇಶ್‌ಬಾಬು ಚರಕದ ಪಕ್ಕದಲ್ಲೇ ಬೆಳೆದವನು. ಒಂದು ಭಾನುವಾರ ದಸ್ತಗಿರ್ ಸಾಹೇಬರ ಚರಕದ ಮನೆಯಿಂದ ಎಣ್ಣೆಯ ಡಬ್ಬಿ ಇಸಿದುಕೊಂಡು ಬಂದು, ಮುಂದಿನ ಚಕ್ರದ ಸಂದಿಗೆ ಕೈ ಹಾಕಿ ಚೆನ್ನಾಗಿ ಸುರಿದ. ಸೋಮವಾರ ಕಾರು ಬೆಕ್ಕಿನ ಹಾಗೆ ಬಂತು. ಬೀದಿಯವರೆಲ್ಲ ಅವನ ಬುದ್ಧಿಯನ್ನು ಹೊಗಳಿದರು.

ಅನ್ವಿತಾ ಜಗಲಿಯ ಮೇಲೆ ಕೂತು ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು ಕಾರು ಬಿಡುವ ಆಟ ಆಡುತ್ತಾಳೆ. ಆ ಸಂಜೆಯೂ ತಟ್ಟೆ ತಿರುಗಿಸಿದಾಗಲೆಲ್ಲ ಟಕ್ ಎನ್ನುತ್ತಿದ್ದಳು. ಸದ್ದು ಹೋಯಿತಲ್ಲ, ಇನ್ನೂ ಯಾಕೆ ಟಕ್ ಅಂತೀಯ ಎಂದು ಕೇಳಿದೆ.

"ಕಿವಿಗೆ ಕೇಳ್ಸಲ್ಲ ಅಜ್ಜಿ. ಮುಂದೆ ಕೂತ್ರೆ ಕಾಲಿಗೆ ಗೊತ್ತಾಗತ್ತೆ," ಎಂದಳು.

ನನ್ನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಎದ್ದು ದಸ್ತಗಿರ್ ಸಾಹೇಬರ ಮನೆಗೆ ಹೋದೆ. ಅವರ ಮಗಳು ರೂಬಿ ಐಟಿಐ ಓದಿ ಶಿಡ್ಲಘಟ್ಟದ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಬಾರಮ್ಮ ಎಂದು ಹೇಳಿ ಬಂದೆ.

ಬೆಳಿಗ್ಗೆ ಮಕ್ಕಳು ಹತ್ತುವ ಹೊತ್ತಿಗೆ ನಾನು ಕಾರಿನ ಮುಂದೆ ಹೋಗಿ ನಿಂತೆ. ಇವತ್ತು ಪರೀಕ್ಷೆ, ತಡವಾಗುತ್ತದೆ ಎಂದು ತಾಯಂದಿರು ಗೊಣಗಿದರು. ರಮೇಶ್‌ಬಾಬು ಹಾರ್ನ್ ಹೊಡೆದ.

"ಸೌಂಡೇ ಇಲ್ಲವಲ್ಲಮ್ಮ. ನೀವು ಯಾವಾಗ ಮೆಕಾನಿಕ್ ಆದ್ರಿ?"

"ನಾನು ಆಗಿಲ್ಲಪ್ಪ. ಆದೋಳನ್ನ ಕರೆಸಿದೀನಿ."

ರೂಬಿ ಮಕ್ಕಳನ್ನೆಲ್ಲ ಕೆಳಗಿಳಿಸಿದಳು. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ, ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಆಡಿಸಲು ರಮೇಶ್‌ಬಾಬುವಿಗೆ ಹೇಳಿದಳು. ತಾನು ಚಕ್ರದ ಒಳಬದಿಯ ಕೀಲಿನ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿದಳು. ಜಾಕಿ ನಂಬಿ ಯಾರೂ ಕಾರಿನ ಅಡಿಗೆ ಹೋಗಬಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನಂತರ ರಮೇಶ್‌ಬಾಬುವನ್ನೇ ಕರೆದು, ಚಕ್ರವನ್ನು ಎಡಗಡೆ ಬಲಗಡೆ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಲು ಹೇಳಿದಳು.

ಚಕ್ರ ಅಲ್ಲಾಡಿತು. ಟಕ್ ಟಕ್ ಎಂದಿತು. ರಮೇಶ್‌ಬಾಬು ಕೈ ತೆಗೆದು ಮತ್ತೆ ಹಿಡಿದು ನೋಡಿದ. ಮತ್ತೆ ಟಕ್ ಎಂದಿತು.

"ಸೌಂಡ್ ಹೋಗಿದೆ ಬಾಬಣ್ಣ, ಸಡಿಲ ಹೋಗಿಲ್ಲ," ಎಂದಳು ರೂಬಿ. "ಸ್ಟೀರಿಂಗ್ ರಾಡು ಚಕ್ರಕ್ಕೆ ಸೇರೋ ಕೀಲು ಇದು. ಇದರ ಗುಂಡು ಬಟ್ಟಲಿಂದ ಕಳಚಿದ್ರೆ, ನೀನು ತಿರುಗಿಸ್ತಾನೇ ಇರ್ತೀಯ, ಚಕ್ರ ತನ್ನ ಪಾಡಿಗೆ ಹೋಗ್ತಿರತ್ತೆ. ಶಾಲೆ ದಾರೀಲಿ ಕೆರೆ ಏರಿ ಮೇಲೆ ಹಾಗಾದ್ರೆ?"

ಚರಕಕ್ಕೆ ಆಗುವ ಎಣ್ಣೆ ಇದಕ್ಕೆ ಯಾಕಾಗಲ್ಲ ಎಂದು ರಮೇಶ್‌ಬಾಬು ಮೆಲ್ಲಗೆ ಕೇಳಿದ. ಕೀಲಿನ ಮೇಲಿದ್ದ ರಬ್ಬರ್ ಟೋಪಿಯನ್ನು ರೂಬಿ ತೋರಿಸಿದಳು. ಅದು ಮೊದಲೇ ಹರಿದಿತ್ತು, ಎಣ್ಣೆ ಕುಡಿದು ಊದಿಕೊಂಡಿತ್ತು. ಎಣ್ಣೆಗೆ ಅಂಟಿದ ಧೂಳು ಒಳಗೆ ಸೇರಿ ಗುಂಡನ್ನು ಇನ್ನಷ್ಟು ಸವೆಸುತ್ತಿತ್ತು.

"ಚರಕದಲ್ಲಿ ನೂಲು ಕಡಿದ್ರೆ ಗಂಟು ಹಾಕ್ತೀವಿ ಅಣ್ಣ. ಇದು ಕಡಿದ್ರೆ ಯಾವುದಕ್ಕೆ ಗಂಟು ಹಾಕ್ತೀಯ?"

ಅವನು ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟ. ಮಕ್ಕಳನ್ನು ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ತಡವಾದದ್ದು ತನ್ನಿಂದ ಎಂದು ಮೇಷ್ಟರಿಗೆ ಹೇಳಿ ಬಂದ. ಬರುವಾಗ ಎರಡು ಬದಿಗೂ ಹೊಸ ಕೀಲು ತಂದ. ರೂಬಿ ಅಲ್ಲೇ ಹಾಕಿಕೊಟ್ಟಳು. ಕೀಲು ಬದಲಿಸಿದ ಮೇಲೆ ಚಕ್ರಗಳ ನೇರ ತಪ್ಪಿರುತ್ತದೆ ಎಂದು, ಖಾಲಿ ಕಾರನ್ನು ನಿಧಾನವಾಗಿ ಶಿಡ್ಲಘಟ್ಟಕ್ಕೆ ಒಯ್ದು ವೀಲ್ ಅಲೈನ್‌ಮೆಂಟ್ ಮಾಡಿಸಿದರು. ಹಳೆಯ ಕೀಲನ್ನು ಅವನು ಪ್ರತಿ ತಾಯಿಯ ಕೈಗೂ ಕೊಟ್ಟು ಅಲ್ಲಾಡಿಸಿ ನೋಡಲು ಹೇಳಿದ. ಅದು ಬೀಳಲಿರುವ ಹಲ್ಲಿನಂತೆ ಆಡುತ್ತಿತ್ತು. ಬೆಳಿಗ್ಗೆ ಗೊಣಗಿದವರು ಮಕ್ಕಳನ್ನು ಹತ್ತಿರ ಎಳೆದುಕೊಂಡರು.

ಮರುದಿನ ಅವನು ಅನ್ವಿತಾಳನ್ನು ಮುಂದೆ ಕೂರಿಸಿ ಬೀದಿಯ ತಿರುವು ದಾಟಿಸಿದ. "ಹೇಳಮ್ಮ, ಕಾಲಿಗೆ ಏನನ್ಸತ್ತೆ?"

"ಏನೂ ಇಲ್ಲ ಮಾಮ," ಎಂದಳು.

ಓದುತ್ತಿರುವ ತಾಯಂದಿರೇ, ಅಕ್ಕಂದಿರೇ, ನಿಮ್ಮ ಮಕ್ಕಳು ಹೋಗುವ ಕಾರು ತಿರುಗುವಾಗ ಕಿರ್ ಎಂದರೂ ಟಕ್ ಎಂದರೂ ಅದು ವಯಸ್ಸಿನ ಸದ್ದಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್ ಇರುವ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಗುಂಯ್ ಎಂದು ಎಳೆದರೆ, ಸ್ಟೀರಿಂಗಿನ ಎಣ್ಣೆ ಕಡಿಮೆಯಾಗಿದೆಯೇ, ಸೋರುತ್ತಿದೆಯೇ ಎಂದು ಗ್ಯಾರೇಜಿನಲ್ಲಿ ನೋಡಿಸಿ. ಚಕ್ರದಲ್ಲಿ ಸಡಿಲ ಕಂಡರೆ ಆ ಕಾರು ಅಲ್ಲಿಂದ ಮಕ್ಕಳೊಂದಿಗೆ ಒಂದು ಮಾರೂ ಚಲಿಸಬಾರದು. ಸದ್ದು ಅಡಗಿಸಲು ಎಣ್ಣೆ ಸುರಿಯಲು ಬಿಡಬೇಡಿ. ಚಕ್ರ ಎತ್ತಿಸಿ, ಅಲ್ಲಾಡಿಸಿ ತೋರಿಸು ಎಂದು ಕೇಳಿ. ಡ್ರೈವರ್ ನಕ್ಕರೆ ನಗಲಿ, ಹಾರ್ನ್ ಹೊಡೆದರೆ ಹೊಡೆಯಲಿ. ತೋರಿಸುವವರೆಗೆ ಕಾರಿನ ಮುಂದಿನಿಂದ ಕದಲಬೇಡಿ.